ಕಾರಿನ ಮೇಲಿನ ಹರಿಗೋಲು

ಹೊಳೆನರಸೀಪುರಕ್ಕೆ ನಾನು ಲೇಡಿ ಡಾಕ್ಟರಾಗಿ ಬಂದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅದಕ್ಕೆ ಮೊದಲು ಚನ್ನರಾಯಪಟ್ಟಣದಲ್ಲಿದ್ದೆ. ಅದು ಕೆರೆಗಳ ಸೀಮೆ. ನೀರು ಎಷ್ಟೇ ತುಂಬಿರಲಿ, ಏರಿಯ ಮೇಲೆ ಗಾಡಿ ಹೋಗುತ್ತದೆ; ಯಾವ ಹಳ್ಳಿಯೂ ದೂರವೆನ್ನಿಸುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಊರ ಹತ್ತಿರ ಹೇಮಾವತಿಗೆ ಸೇತುವೆಯಿತ್ತು, ನಿಜ. ಆದರೆ ಹೊಳೆಯ ಗುಂಟ ಮೇಲಕ್ಕೂ ಕೆಳಕ್ಕೂ ಇದ್ದ ಎಷ್ಟೋ ಹಳ್ಳಿಗಳಿಗೆ ಸೇತುವೆಯಿಂದ ಹೋಗುವ ದಾರಿಯೇ ಇರಲಿಲ್ಲ. ಬೇಸಗೆಯಲ್ಲಿ ಸೀರೆ ಎತ್ತಿ ಕಟ್ಟಿ ನಡೆದೇ ದಾಟಬಹುದು. ಮಳೆಗಾಲ ಹಿಡಿಯಿತೆಂದರೆ ಹೊಳೆ ದಾಟುವ ಕಡವಿಗೆ ಹೋಗಿ ಹರಿಗೋಲಿಗೆ ಕಾಯಬೇಕು.

ನನ್ನ ಹತ್ತಿರ ಒಂದು ಪುಟ್ಟ ಕಾರಿತ್ತು. ನನ್ನ ತಂದೆ ಕಣ್ಣು ಮಂಜಾದ ಮೇಲೆ ಅದನ್ನು ನನಗೆ ಬಿಟ್ಟುಕೊಟ್ಟಿದ್ದರು. ಎರಡೇ ಬಾಗಿಲು, ಬೂದಿ ಬಣ್ಣ, ತಗಡಿನ ಮೈ. ಹೆಂಗಸು ಕಾರು ಓಡಿಸುವುದನ್ನು ನೋಡಲು ಮೊದಲ ಆರು ತಿಂಗಳು ಪೇಟೆ ಬೀದಿಯ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಹೊರಗೆ ಬರುತ್ತಿದ್ದರು. ಆಮೇಲೆ ಬರುವುದನ್ನು ಬಿಟ್ಟರು.

ನಾನು ಬಂದ ಎರಡನೆಯ ಆಷಾಢದಲ್ಲಿ ಒಂದು ಬೆಳಗ್ಗೆ, ಮೇಲಿನ ಕಡವಿನಾಚೆಯ ಹಳ್ಳಿಯವನೊಬ್ಬ ಓಡಿಬಂದ. ಈಜಿ ದಾಟಿದ್ದನೆಂದು ಕಾಣುತ್ತದೆ, ಪಂಚೆ ಮೈಗೆ ಅಂಟಿತ್ತು.

"ಎಂಡ್ರು ಸೆಟ್ಕೊಳ್ತಾವ್ಳೆ ಕಣ್ರವ್ವ. ದಿನ ತುಂಬೈತೆ. ಕಣ್ಣು ಮೇಲಕ್ಕೆ ಓಯ್ತಾವೆ."

ಗರ್ಭಿಣಿಗೆ ಸೆಟೆತ ಬಂದಿದೆ ಎಂದರೆ ಗಂಟೆಗಳ ಲೆಕ್ಕ. ನಾನು ಚೀಲ ಎತ್ತಿಕೊಂಡೆ, ನರ್ಸಮ್ಮನನ್ನು ಕೂರಿಸಿಕೊಂಡೆ, ಅವನನ್ನು ಹಿಂದೆ ಹತ್ತಿಸಿಕೊಂಡೆ. ಒಂಬತ್ತು ಮೈಲಿ. ಹತ್ತು ಗಂಟೆಗೆ ಕಡವಿನಲ್ಲಿದ್ದೆವು. ನಮ್ಮಲ್ಲಿ ಮಳೆಯೇ ಇರಲಿಲ್ಲ, ಬಿಸಿಲಿತ್ತು. ಸಕಲೇಶಪುರದ ಕಡೆ ಬಿದ್ದ ಮಳೆಯ ನೀರು ಕೆಂಪಗೆ ಇಕ್ಕೆಲಕ್ಕೂ ತಾಗಿಕೊಂಡು ಹೋಗುತ್ತಿತ್ತು. ಹರಿಗೋಲು ಆಚೆ ದಡದಲ್ಲಿ ಮರಕ್ಕೆ ಕಟ್ಟಿಹಾಕಿತ್ತು. ಅಂಬಿಗ ಇರಲಿಲ್ಲ.

ಗಂಡ ಕೂಗಿದ. ಆಚೆ ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದವರು ಕೂಗಿದರು. ಅಂಬಿಗ ಅರಕಲಗೂಡಿಗೆ ಮಗಳ ಮನೆಗೆ ಹೋಗಿದ್ದಾನೆ, ಮಗಳಿಗೆ ಮೈ ಸರಿಯಿಲ್ಲವಂತೆ ಎಂದು ಯಾರೋ ಹೇಳಿದರು. ಆ ನೀರಿನಲ್ಲಿ ಹುಟ್ಟು ಹಿಡಿಯಲು ಬೇರೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಈಚೆ ದಡದ ನಾಲ್ವರು, ಕೆಳಗಿನ ಕಡವಿನ ಅಂಬಿಗನನ್ನೂ ಅವನ ಹರಿಗೋಲನ್ನೂ ಕರೆತರಲು ಓಡಿದರು. ಪ್ರವಾಹಕ್ಕೆ ಎದುರಾಗಿ ಹರಿಗೋಲನ್ನು ಹುಟ್ಟು ಹಾಕಿ ತರಲಾಗುವುದಿಲ್ಲ. ದಡಕ್ಕೆತ್ತಿ, ಮಗುಚಿ, ತಲೆಯ ಮೇಲೆ ಹೊತ್ತು ತರಬೇಕು. ಅವರು ಮೂರು ಮೈಲಿ ಅದನ್ನು ಹೊತ್ತು ಗದ್ದೆಯಂಚಿನಲ್ಲಿ ಬರುವುದನ್ನು ನಾನು ಕಾರಿಗೊರಗಿ ನಿಂತು ನೋಡಿದೆ. ಮುಖಗಳು ಕಾಣುತ್ತಿರಲಿಲ್ಲ. ದೊಡ್ಡ ಕಪ್ಪು ಬೋಗುಣಿಗೆ ಎಂಟು ಕಾಲು ಬಂದ ಹಾಗಿತ್ತು. ನಾಲ್ಕು ತಲೆ ಹೊರುವುದನ್ನು ಒಂದು ಕಾರು ಹೊರಲಾರದೇ ಎಂದು ನನಗೆ ಆಗಲೇ ಅನ್ನಿಸಿತು. ಅನ್ನಿಸಬಾರದ ಹೊತ್ತಿನಲ್ಲಿ ಇಂಥವು ಅನ್ನಿಸುತ್ತವೆ.

ನಾವು ಮನೆ ಮುಟ್ಟುವಾಗ ಎರಡೂವರೆ. ಆಕೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಮಗುವೂ ಒಳಗೇ ಹೋಗಿತ್ತು. ಬಾಗಿಲಲ್ಲಿ ಕುಳಿತಿದ್ದ ಅತ್ತೆ ತಲೆಯೆತ್ತಿ, "ಈಗ ಬಂದ್ರಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ನೋಡಬೇಕಾದ್ದನ್ನು ನೋಡಿ, ಬರೆಯಬೇಕಾದ್ದನ್ನು ಬರೆದು ಹಿಂದಿರುಗಿದೆ. ಅಳು ಬರಲಿಲ್ಲ. ನರ್ಸಮ್ಮ ದಾರಿಯುದ್ದಕ್ಕೂ ಜಪಸರ ಹಿಡಿದುಕೊಂಡಿದ್ದಳು.

ನಾಲ್ಕು ದಿನದ ಮೇಲೆ ಅಂಬಿಗ ಆಸ್ಪತ್ರೆಗೆ ಬಂದ. ಐವತ್ತು ದಾಟಿದ ಆಳು. ಗಿಡ್ಡ, ಅಗಲ ಭುಜ, ಎಡಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಹೊರರೋಗಿಗಳ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತು ತನ್ನ ಸರದಿ ಬರುವವರೆಗೆ ಕಾದ.

"ಏನಾಗಿದೆ?" ಎಂದೆ.

"ನಂಗೇನೂ ಆಗಿಲ್ಲ ಕಣವ್ವ. ಅವತ್ತು ಕಡವ್ನಾಗೆ ಇಲ್ದಿದ್ದೋನು ನಾನೇ."

"ಮಗಳು ಹೇಗಿದ್ದಾಳೆ?" ಎಂದು ಕೇಳಿದೆ.

"ಅವ್ಳೇ? ಚೆಂದಾಗವ್ಳೆ," ಎಂದು ನೆಲ ನೋಡಿದ.

ಬಯ್ಯಿಸಿಕೊಳ್ಳಲು ಬಂದಿದ್ದನೆಂದು ತೋರುತ್ತದೆ. ಬಯ್ಯುವ ಬದಲು ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಕಾರು ತೋರಿಸಿದೆ. ಇದರ ಮೇಲೆ ಕೂರುವಂಥ ಹರಿಗೋಲು ಮಾಡಲಾಗುತ್ತದೆಯೇ ಎಂದು ಕೇಳಿದೆ. ಆತ ನಗಲಿಲ್ಲ. ಆವರೆಗೆ ನಾನು ಈ ವಿಚಾರ ಹೇಳಿದವರಲ್ಲಿ ನಗದಿದ್ದವನು ಆತ ಒಬ್ಬನೇ. ಕಾರಿನ ಸುತ್ತ ಒಂದು ಸುತ್ತು ಬಂದ, ಮೊಳಕೈ ಊರಿ ಅಗಲ ಅಳೆದ, ಮೇಲಿನ ಮಾಡಿನ ತಗಡನ್ನು ಬೆರಳಿನಿಂದ ತಟ್ಟಿ ನೋಡಿದ.

"ಮೂರೂವರೆ ಮೊಳದ್ದು ಕೂರ್ತದೆ. ಮೂರಾಳು ದಾಟ್ಬೋದು. ಆದ್ರೆ ಈ ತಗಡು ಅಪ್ಪಳ ಇದ್ದಂಗೈತೆ ಕಣವ್ವ, ತಡೀತದಾ?"

"ಅದನ್ನು ನಾನು ನೋಡಿಕೊಳ್ಳುತ್ತೇನೆ."

"ಅಂಗಾದ್ರೆ ಅರಿಗೋಲು ನಾನ್ ನೋಡ್ಕತೀನಿ."

ಅರಕಲಗೂಡಿನ ಸಂತೆಯಿಂದ ಬಿದಿರು ತಂದ. ಸೀಳಿ, ನೀರಿನಲ್ಲಿ ನೆನೆಹಾಕಿ, ನೆಲದ ಮೇಲೆ ನಕ್ಷತ್ರದ ಹಾಗೆ ಹರಡಿ, ನಡುವಿನಿಂದ ಹೆಣೆಯುತ್ತ ಬಂದ. ಅಂಚಿಗೆ ಬಂದಾಗ ಒಂದೊಂದೇ ಸೀಳನ್ನು ಮಂಡಿಯಿಂದ ಒತ್ತಿ ಮೇಲಕ್ಕೆ ಬಗ್ಗಿಸಿದ. ಎಮ್ಮೆಯ ಚರ್ಮ ಹೊದಿಸಿ ಹೊಲಿದ. ಎಂಟು ದಿನ ಹಿಡಿಯಿತು. ನಾನಿದ್ದ ಬಾಡಿಗೆ ಮನೆಯ ಹಿರಿಯಮ್ಮ ಚರ್ಮದ ಸಾಮಾನು ಅಂಗಳಕ್ಕೆ ಬರಕೂಡದೆಂದರು. ಚರ್ಮದ ಚಪ್ಪಲಿ ಬರುತ್ತಿತ್ತು, ನನ್ನ ಚರ್ಮದ ಚೀಲ ದಿನವೂ ಬರುತ್ತಿತ್ತು. ವಾದಕ್ಕೆ ಹೋಗದೆ ಆಸ್ಪತ್ರೆಯ ಹಿಂದಿನ ಹೊಂಗೆ ಮರದ ನೆರಳಲ್ಲಿ ಅದನ್ನಿರಿಸಿದೆ. ಬಿಸಿಲಿಗೆ ಬಿಟ್ಟರೆ ಚರ್ಮ ಬಿರಿಯುತ್ತದೆ ಎಂದು ಆತ ಹೇಳಿದ್ದ.

ಕಾರಿಗೆ ಕೂರಿಸುವ ನನ್ನ ಮೊದಲ ಪ್ರಯತ್ನ ಬರಿಯ ದಡ್ಡತನ. ಊರಿನ ಬಡಗಿಯಿಂದ ಎರಡು ಮತ್ತಿ ಮರದ ತೊಲೆ ಮಾಡಿಸಿ, ಗೋಣಿಚೀಲ ಮಡಿಸಿ ಹಾಸಿ, ಮಾಡಿನ ಮೇಲೆ ಅಡ್ಡಡ್ಡ ಇರಿಸಿದೆವು. ಬಾಗಿಲು ತೆರೆದು ಹಗ್ಗವನ್ನು ಕಾರಿನ ಒಳಗಿನಿಂದ ಹಾಯಿಸಿ, ತೊಲೆ, ಹರಿಗೋಲು ಎರಡನ್ನೂ ಸೇರಿಸಿ ಬಿಗಿದೆವು. ಹರಿಗೋಲು ಬೋರಲಾಗಿ ಕುಳಿತಿತು. ಅಂಬಿಗ ಹಿಂದೆ ಕುಳಿತ. ಪರೀಕ್ಷೆಗೆ ಚನ್ನರಾಯಪಟ್ಟಣದ ರಸ್ತೆ ಹಿಡಿದೆ, ಅದು ನೆಟ್ಟಗಿದೆ ಎಂದು.

ಹದಿನೈದು ಮೈಲಿ ವೇಗದವರೆಗೆ ಏನೂ ಆಗಲಿಲ್ಲ. ಇಪ್ಪತ್ತೈದಾದಾಗ ತಲೆಯ ಮೇಲೆ ದುಂಬಿ ಹೊಕ್ಕ ಹಾಗೆ ಗುಂಯ್ ಎಂದು ಶುರುವಾಯಿತು. ಆಮೇಲೆ ಹಗ್ಗ ಬಿಗಿದು, ಸಡಿಲವಾಗಿ, ಮತ್ತೆ ಬಿಗಿಯಿತು. "ಅವ್ವಾ ನಿಲ್ಸಿ" ಎಂದು ಆತ ಹೇಳಿ ಮುಗಿಸುವ ಮೊದಲೇ ಮೇಲೇನೋ ಹಾರಿಹೋದ ಸದ್ದಾಯಿತು. ಹಿಂತಿರುಗಿ ನೋಡಿದರೆ ಹರಿಗೋಲು ಅಂಚಿನ ಮೇಲೆ ನಿಂತು, ಗಾಡಿಯ ಚಕ್ರದಂತೆ ರಸ್ತೆಗುಂಟ ಉರುಳಿ, ಪಕ್ಕಕ್ಕೆ ತಿರುಗಿ ರಾಗಿ ಹೊಲಕ್ಕೆ ಇಳಿಯುತ್ತಿತ್ತು. ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತರು. ಅದು ಅವರ ನಡುವೆ ಎರಡು ಸುತ್ತು ತಿರುಗಿ ಮಲಗಿತು.

"ಇದ್ಯಾವ್ ಮಂಕರಿ ಕಣಮ್ಮಿ, ಮೋಡದಿಂದ ಬಿತ್ತಾ?" ಎಂದಳೊಬ್ಬಳು.

ಯಾರಿಗೂ ಏನೂ ಆಗಿರಲಿಲ್ಲ. ಎರಡು ಕಡೆ ಬಿದಿರು ಮುರಿದಿತ್ತು, ಕಾರಿನ ಮಾಡು ಅಂಗೈಯಷ್ಟು ತಗ್ಗಾಗಿತ್ತು. ಆತ ಮುರಿದ ಬಿದಿರನ್ನು ತಡವಿ ನೋಡಿ, "ನೀರಾಗೆ ಒಡದಿರದು ಕಂಡಿದ್ದೆ, ಗಾಳೀಲಿ ಒಡದಿರದು ಕಂಡಿರ್ಲಿಲ್ಲ," ಎಂದ. ಹರಿಗೋಲನ್ನು ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಊರಿಗೆ ಬಂದೆವು. ಅಂದಿನಿಂದ ನನ್ನದು ಮಂಕರಿ ಕಾರಾಯಿತು. ದನದ ಕೊಟ್ಟಿಗೆಯ ಕಸ ಹೊರುವ ಬುಟ್ಟಿಯ ಹೆಸರು. ಐದು ವರ್ಷ ಆ ಹೆಸರಿನಲ್ಲೇ ಓಡಾಡಿದೆ.

ಹಾಸನದಲ್ಲಿ ಬಸ್ಸುಗಳ ಮೇಲೆ ಸಾಮಾನು ಹೊರುವ ಕ್ಯಾರಿಯರ್ ಕೂರಿಸುವ ಮೇಸ್ತ್ರಿಯೊಬ್ಬರಿದ್ದಾರೆ ಎಂದು ಬಸ್ಸಿನ ಡ್ರೈವರೊಬ್ಬ ಹೇಳಿದ. ಮುಂದಿನ ವಾರ ರಜೆ ಹಾಕಿ ಹೋದೆ. ಅಂಬಿಗ ಮುರಿದ ಬಿದಿರು ಬದಲಿಸಿದ ಹರಿಗೋಲಿನೊಂದಿಗೆ ರೈಲಿನಲ್ಲಿ ಬಂದ. ಮೇಸ್ತ್ರಿ ವಯಸ್ಸಾದವರು, ಬಿಳಿ ಗಡ್ಡ, ಕನ್ನಡಕದ ಒಂದು ಕಡ್ಡಿಗೆ ದಾರ. ಅವರ ಶೆಡ್ಡಿನಲ್ಲಿ ಅರ್ಧ ಬಿಚ್ಚಿದ ಬಸ್ಸೊಂದು ನಿಂತಿತ್ತು. ನಾನು ಮಾಡಿಗೆ ತೂತು ಕೊರೆದು ಬೋಲ್ಟು ಹಾಕಿ ಎಂದೆ.

"ನೋಡೀಮ್ಮ, ತಲೆಗೆ ತೂತು ಹಾಕಿದ್ರೆ ಮಳೆಗಾಲ ಸೀದಾ ಒಳಗೇ ಬರ್ತದೆ," ಎಂದರು. "ಬಸ್ಸಿಗೆ ಒಳಗೆ ಎಲುಬು ಇರ್ತದೆ, ಅದಕ್ಕೆ ಹಿಡಿಸ್ತೀವಿ. ಇದಕ್ಕೆ ಎಲುಬೇ ಇಲ್ಲ."

ಬಾಗಿಲ ಮೇಲೆ, ಮಳೆನೀರು ಒಳಗೆ ಇಳಿಯದ ಹಾಗೆ ತಗಡನ್ನು ಮಡಿಸಿ ಮಾಡಿದ ಸಣ್ಣ ಕಾಲುವೆಯೊಂದಿತ್ತು. ನಾನು ಆ ಕಾರನ್ನು ಎಷ್ಟು ಸಲ ತೊಳೆದಿದ್ದರೂ ಅದನ್ನು ಗಮನಿಸಿರಲಿಲ್ಲ. ಅವರು ಅದರೊಳಗೆ ಬೆರಳಾಡಿಸಿ, "ಗಟ್ಟಿ ಇರೋದು ಇದೊಂದೇ ಜಾಗ. ಭಾರ ಎಲ್ಲಾ ಇಲ್ಲಿಗೇ ಇಳೀಬೇಕು, ಮಾಡಿಗೆ ಒಂದು ತೊಲ ತೂಕಾನೂ ತಾಕಬಾರ್ದು," ಎಂದರು.

ಎರಡು ದಿನದ ಕೆಲಸ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ ನಾಲ್ಕು ಕಾಲು ಮಾಡಿದರು. ಒಂದೊಂದರ ಪಾದವೂ ಆ ಕಾಲುವೆಯಲ್ಲಿ ಕೂರುವಂತೆ, ಕೆಳಗಿನಿಂದ ಕೊಕ್ಕೆಯೊಂದು ಬಂದು ಅಂಚನ್ನು ಕಚ್ಚುವಂತೆ, ನಡುವೆ ಬೋಲ್ಟಿನಿಂದ ಬಿಗಿಯುವಂತೆ. ಬಣ್ಣ ಕೀಳದಿರಲಿ ಎಂದು ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಪಾದದಡಿ ಸೇರಿಸಿದರು. ಕಾಲುಗಳ ಮೇಲೆ ಎರಡು ಅಡ್ಡಪಟ್ಟಿ. ಅಲ್ಲಿಯವರೆಗೆ ಸರಿಯಿತ್ತು. ಹರಿಗೋಲನ್ನು ಹೇಗಿಡುವುದೆಂಬಲ್ಲಿ ಇಬ್ಬರಿಗೂ ಜಗಳ ಹತ್ತಿತು. ಅಂಗಾತ ಇಟ್ಟು ತಳ ಪಟ್ಟಿಗಳ ನಡುವೆ ಇಳಿಬಿಟ್ಟರೆ ಅಲುಗದೆಂದು ಮೇಸ್ತ್ರಿ. ತಳ ಕಬ್ಬಿಣಕ್ಕೆ ತಾಗಿದರೆ ಚರ್ಮ ಹರಿಯುತ್ತದೆ, ಬೋರಲಾಗೇ ಕೂರಬೇಕೆಂದು ಅಂಬಿಗ.

"ಬೋರಲು ಹಾಕಿದ್ರೆ ಗಾಳಿ ಒಳಗೆ ಹೊಕ್ಕು ಎತ್ತಲ್ವೇನಯ್ಯ? ಒಂದ್ಸಲ ಎತ್ತಿ ಒಗೆದೈತಲ್ಲ?"

ಅಂಬಿಗ ಹರಿಗೋಲಿನ ಅಂಚನ್ನು ಕೈಯಿಂದ ಸವರಿದ. ಆಮೇಲೆ ಕೇಳಿದ: "ಸಾಬ್ರೇ, ಗೊರಗು ಆಕ್ಕಂಡು ಗಾಳಿಗೆ ಎದುರಾಗಿ ನಡ್ದಿದೀರಾ?"

ಗೊರಗೆಂದರೆ ಮಳೆಯಲ್ಲಿ ಗದ್ದೆ ಕೆಲಸದವರು ತಲೆಯಿಂದ ಬೆನ್ನಿನವರೆಗೆ ಹೊದೆಯುವ ಎಲೆಯ ಹೊದಿಕೆ.

"ಇಲ್ಲ."

"ಗಾಳಿ ಬಂದ್ರೆ ನಾವು ತಲೆ ಮುಂದಕ್ಕೆ ಬಗ್ಸ್ತೀವಿ. ಅಂಚು ಕೆಳಕ್ಕಾಯ್ತದೆ. ಗಾಳಿ ಮೇಲಿಂದ ಒತ್ತೋಯ್ತದೆ, ಒಳಕ್ಕೆ ಬರಾಕಿಲ್ಲ. ಇದ್ರ ತಲೇನೂ ಅಂಗೇ ಬಗ್ಸಿ."

ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮುಂದಿನ ಎರಡು ಕಾಲುಗಳನ್ನು ಬಿಚ್ಚಿಕೊಂಡು ಹೋಗಿ ನಾಲ್ಕು ಬೆರಳು ಗಿಡ್ಡ ಮಾಡಿದರು. ಪಟ್ಟಿಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಿಸಿದರು. ಹರಿಗೋಲು ಮುಂದಕ್ಕೆ ಬಾಗಿ, ಹುಬ್ಬಿನವರೆಗೆ ಟೋಪಿ ಎಳೆದುಕೊಂಡವರಂತೆ ಕುಳಿತಿತು. ಮುಂದಿನ ಅಂಚಿನಿಂದ ಬಂಪರಿಗೆ ಎರಡು ಹಗ್ಗ, ಹಿಂದಕ್ಕೆ ಎರಡು. ಬಾಗಿಲು ತೆರೆಯಬಹುದಿತ್ತು, ಗಾಜು ಮುಚ್ಚಬಹುದಿತ್ತು. ಮೇಸ್ತ್ರಿ ತಾವೇ ಪಕ್ಕದಲ್ಲಿ ಕುಳಿತು ಸಾಲಗಾಮೆಯವರೆಗೆ ಓಡಿಸಿ ನೋಡಿರೆಂದರು. ನಲವತ್ತು ಮೈಲಿ ವೇಗದಲ್ಲೂ ಅದು ಮಿಸುಕಲಿಲ್ಲ. ಸದ್ದು ಮಾತ್ರ ಇತ್ತು, ಅದನ್ನು ತಡೆಯಲು ಯಾರಿಂದಲೂ ಆಗಲಿಲ್ಲ. "ಅಂಬಿಗನ ಬುದ್ಧಿ ಪಕ್ಕಾ," ಎಂದರು ಮೇಸ್ತ್ರಿ, ಅವನಿಗೆ ಕೇಳಿಸದಷ್ಟು ಮೆಲ್ಲಗೆ.

ಊರು ಬಿಡುವಾಗ ಹಾಸನದ ವೃತ್ತದಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ.

"ಏನಮ್ಮಾ ಇದು?"

"ಹರಿಗೋಲು."

"ಆಸನದಾಗೆ ಒಳೆ ಎಲ್ಲೈತೆ?"

"ಇಲ್ಲವಲ್ಲ, ಅದಕ್ಕೇ ಬೇರೆ ಕಡೆಗೆ ಒಯ್ಯುತ್ತಿದ್ದೇವೆ."

ಆತ ಇದರ ಬಗ್ಗೆ ಯೋಚಿಸುತ್ತಿರುವಾಗಲೇ ನಾವು ಹೊರಟೆವು.

ಅಂಬಿಗ ತನ್ನ ಕಡವನ್ನು ತಮ್ಮನಿಗೆ ಒಪ್ಪಿಸಿ, ಮಳೆಗಾಲದ ನಾಲ್ಕು ತಿಂಗಳು ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲಿ ಇರತೊಡಗಿದ. ನಾನು ಕೇಳಿರಲಿಲ್ಲ. ಕರೆ ಬಂದರೆ ಅವನ ಬಾಗಿಲಲ್ಲಿ ಎರಡು ಸಲ ಹಾರನ್ ಮಾಡುತ್ತಿದ್ದೆ. ಹುಟ್ಟು ಹೆಗಲಿಗೇರಿಸಿ ಬಂದುಬಿಡುತ್ತಿದ್ದ. ಹರಿಗೋಲನ್ನು ಮೇಲೇರಿಸಿ ಬಿಗಿಯಲು ನಮಗಿಬ್ಬರಿಗೆ ಹತ್ತು ನಿಮಿಷ, ಇಳಿಸಲು ಐದು. ನೀರು ಕುಡಿದ ಮೇಲೆ ಚರ್ಮ ಒಂದೂವರೆ ಪಟ್ಟು ತೂಗುತ್ತಿತ್ತು. ಹಿಂದಿರುಗುವಾಗ ಎತ್ತುವುದು ನನ್ನ ಬೆನ್ನಿಗೆ ಗೊತ್ತು.

ನಮ್ಮ ನರ್ಸಮ್ಮ ಮಂಗಳೂರಿನ ಕಡೆಯವಳು. ಸಮುದ್ರದ ಪಕ್ಕ ಹುಟ್ಟಿ ಬೆಳೆದವಳಿಗೆ ನೀರೆಂದರೆ ಪ್ರಾಣಭಯ. "ನನಗೆ ಹೆದರಿಕೆ ಆಗ್ತದೆ ಡಾಕ್ಟ್ರೇ. ಇದಕ್ಕೆ ಮುಂದೆ ಯಾವುದು, ಹಿಂದೆ ಯಾವುದು ಅಂತ ಇಲ್ಲ," ಎನ್ನುತ್ತಿದ್ದಳು. ಆದರೂ ಪ್ರತಿ ಸಲವೂ ಬಂದಳು, ಕಣ್ಣು ಮುಚ್ಚಿಕೊಂಡು.

ಮೊದಲ ವರ್ಷದಲ್ಲಿ ಒಂಬತ್ತೋ ಹತ್ತೋ ಸಲ ದಾಟಿದೆವು. ಹೆಚ್ಚಿನವು ನೆನಪಿಟ್ಟುಕೊಳ್ಳುವಂಥವಲ್ಲ. ಎರಡು ಕಡೆ ನಾವು ಹೋಗುವ ಮೊದಲೇ ಕೂಸು ಹುಟ್ಟಿ, ಸೂಲಗಿತ್ತಿ ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಂದು ಕಡೆ ಸಮಯಕ್ಕೆ ಸರಿಯಾಗಿಯೇ ಹೋದೆವು, ತಾಯಿ ಉಳಿದಳು, ಮಗು ಉಳಿಯಲಿಲ್ಲ. ನಾನು ಹೇಳಬೇಕೆಂದಿರುವುದು ಎರಡನೆಯ ವರ್ಷ, ಅರಕಲಗೂಡಿನಾಚೆ ಕಾವೇರಿಯನ್ನು ದಾಟಿದ್ದನ್ನು.

ಅದು ನನ್ನ ತಾಲ್ಲೂಕಲ್ಲ. ಅಲ್ಲಿನ ಡಾಕ್ಟರು ಜ್ವರದಲ್ಲಿ ಮಲಗಿದ್ದರು. ಮಂಕರಿ ಕಾರಿನ ಡಾಕ್ಟರಮ್ಮನಿಗೆ ಹೇಳಿ ಎಂದು ಬಸ್ಸಿನವನ ಕೈಯಲ್ಲಿ ಚೀಟಿ ಕಳಿಸಿದ್ದರು. ಹೊಳೆಯಾಚೆ ಒಬ್ಬಳಿಗೆ ಬೆಳಗಿನ ಜಾವ ಹೆರಿಗೆಯಾಗಿದೆ, ಮಾಸು ಬಿದ್ದಿಲ್ಲ, ರಕ್ತ ಹೋಗುತ್ತಿದೆ. ನಾವು ದಡ ತಲುಪುವಾಗ ಮಧ್ಯಾಹ್ನ ಹನ್ನೆರಡು. ಅಲ್ಲಿನ ಕಡವು ಎರಡು ದಿನದಿಂದ ನಿಂತಿತ್ತು; ಸುದ್ದಿಯನ್ನು ಆಚೆ ದಡದಿಂದ ಕೂಗಿ ಮುಟ್ಟಿಸಿದ್ದರು. ಅಲ್ಲಿಯ ಅಂಬಿಗರು ಇಬ್ಬರೂ ದಡದಲ್ಲೇ ಇದ್ದರು, ಹರಿಗೋಲನ್ನು ದೂರ ಎಳೆದು ಹಾಕಿಕೊಂಡು. ಬೇರು ಸಹಿತ ಒಂದು ಅತ್ತಿಮರ ತೇಲಿಹೋಯಿತು.

ನಮ್ಮ ಅಂಬಿಗ ಕುಕ್ಕರಗಾಲಲ್ಲಿ ಕುಳಿತು ನೀರು ನೋಡಿದ.

"ಬ್ಯಾಡ ಕಣವ್ವ."

ನಾನು ಒತ್ತಾಯ ಮಾಡಲಿಲ್ಲ. ಅವನ ಹೆಂಡತಿ ಮಕ್ಕಳು ನನ್ನ ಕಣ್ಣ ಮುಂದೆ ಬಂದರು ಎಂದೇನಲ್ಲ. ನೀರು ನೋಡಿದರೆ ಸಾಕು, ಆಗದೆಂಬುದು ಅಷ್ಟು ಸ್ಪಷ್ಟವಾಗಿತ್ತು. ನರ್ಸಮ್ಮ ಕಾರಿನಿಂದ ಇಳಿದಿರಲೇ ಇಲ್ಲ. ಆತ ಒಂದು ಹಿಡಿ ಹುಲ್ಲು ಕಿತ್ತು ನೀರಿಗೆಸೆದ. ಅದು ಎಲ್ಲಿ ಹೋಗುತ್ತದೆಂದು ನೋಡಿದ. ಇನ್ನೊಂದು ಹಿಡಿ ಎಸೆದ. ಆಮೇಲೆ ಅಲ್ಲಿಯವರನ್ನು ಕೇಳಿದ:

"ಮೇಲ್ಗಡೆ ನಡುಗಡ್ಡೆ ಐತಾ?"

"ಮೈಲಿ ಮೇಲೈತೆ. ಬೊಂಬಿನ ಗಡ್ಡೆ. ಅಲ್ಲಿಗ್ಯಾವ ಅರಿಗೋಲು ಓಯ್ತದೆ, ಎದುರ್ನೀರು."

"ನಮ್ದು ರಸ್ತೇಲಿ ಓಯ್ತದೆ," ಎಂದು ಆತ ಎದ್ದ. "ಅವ್ವಾ, ಕಾರು ತಿರುಗ್ಸಿ."

ಗಾಡಿ ಜಾಡಿನಲ್ಲಿ ಒಂದೂವರೆ ಮೈಲಿ ಹೋದೆವು. ಅಲ್ಲಿ ನಡುಗಡ್ಡೆ ನೀರನ್ನು ಎರಡಾಗಿ ಸೀಳಿತ್ತು. ಈಚೆಯ ಸೀಳಿನಲ್ಲಿ ಸೆಳೆತ ಕಡಿಮೆ. ಗಡ್ಡೆಗೆ ದಾಟಿ, ಹರಿಗೋಲನ್ನು ಹೊತ್ತು ಗಡ್ಡೆಯ ಆಚೆ ಮಗ್ಗುಲಿಗೆ ನಡೆದು, ಮತ್ತೆ ನೀರಿಗಿಳಿಸಿ, ಸೆಳೆತ ಎಳೆದಂತೆ ಇಳಿಯುತ್ತ ಇಳಿಯುತ್ತ ಆಚೆ ದಡ ಹಿಡಿಯುವುದು. ಅವನ ಲೆಕ್ಕ ಇದು. ಹರಿಗೋಲನ್ನು ಬೇಕಾದ ಕಡೆ ನೀರಿಗಿಳಿಸುವ ಅನುಕೂಲ ಬೇರೆ ಯಾವ ಅಂಬಿಗನಿಗೂ ಇರಲಿಲ್ಲ. ಕಡವಿನಲ್ಲಿ ಹರಿಗೋಲಿರುವಲ್ಲಿಗೆ ಜನ ಬರಬೇಕು.

ಮೊದಲ ಸೀಳು ಸುಲಭವಾಯಿತು. ಎರಡನೆಯದರ ಬಗ್ಗೆ ನನಗೆ ಹೆಚ್ಚು ಹೇಳಲು ಬರುವುದಿಲ್ಲ. ಚೀಲವನ್ನು ಕೊರಳಿಗೆ ಕಟ್ಟಿಕೊಂಡು, ಬಿದಿರಿನ ಅಂಚನ್ನು ಹಿಡಿದು ಕುಳಿತಿದ್ದೆ. ಹರಿಗೋಲು ಬುಗುರಿಯ ಹಾಗೆ ಸುತ್ತಿತು. ಒಮ್ಮೆ ಬಂದ ದಡ ಕಂಡರೆ ಇನ್ನೊಮ್ಮೆ ಹೋಗುವ ದಡ. ಆತ ಒಂದು ಮಂಡಿಯೂರಿ, ಉಸಿರು ಕಟ್ಟಿ ಹುಟ್ಟು ಹಾಕುತ್ತಿದ್ದ. ನರ್ಸಮ್ಮ ನನ್ನ ಸೆರಗನ್ನು ಹಿಡಿದುಕೊಂಡಿದ್ದಳು. ಕಡವು ದಾಟಿ ಅರ್ಧ ಮೈಲಿ ಕೆಳಗೆ, ನೀರು ನುಗ್ಗಿದ ಕಬ್ಬಿನ ಗದ್ದೆಯೊಂದರಲ್ಲಿ ನಾವು ಸಿಕ್ಕಿಕೊಂಡು ನಿಂತೆವು.

ಬಾಣಂತಿಯ ಕಣ್ಣಿನ ರೆಪ್ಪೆಯ ಒಳಗು ಕಾಗದದಂತೆ ಬಿಳಿಯಾಗಿತ್ತು. ನಾಡಿ ಸಿಕ್ಕಿತು. ಕೈಹಾಕಿ ಮಾಸು ತೆಗೆದೆ, ಇಂಜೆಕ್ಷನ್ ಕೊಟ್ಟೆ, ಹೊಟ್ಟೆಯನ್ನು ಒತ್ತಿ ಹಿಡಿದುಕೊಂಡು ಗಂಟೆಗಟ್ಟಲೆ ಕುಳಿತೆ. ನಾಲ್ಕು ಗಂಟೆಯ ಹೊತ್ತಿಗೆ ರಕ್ತ ನಿಂತಿತು. ಆಕೆ ನೀರು ಕೇಳಿದಳು. ನರ್ಸಮ್ಮ ಚಮಚದಲ್ಲಿ ಕುಡಿಸಿ, ಅಲ್ಲೇ ಎರಡು ದಿನ ಇರುತ್ತೇನೆ ಎಂದಳು. ಹರಿಗೋಲಿಗೆ ಹತ್ತುವುದಕ್ಕಿಂತ ಅದು ಸುಲಭ ಎಂದೂ ಸೇರಿಸಿದಳು.

ನಾನೂ ಅಂಬಿಗನೂ ಇನ್ನೂ ಬೆಳಕಿರುವಾಗ ಹೊರಟೆವು. ಆತ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡಗುಂಟ ಮೇಲಕ್ಕೆ ನಡೆದ, ನಾನು ಹುಟ್ಟು ಹಿಡಿದು ಹಿಂದೆ. ಬೋರಲು ಹರಿಗೋಲಿನೊಳಗಿಂದ ಅವನ ಮಾತು ಬಾವಿಯಿಂದ ಬಂದಂತೆ ಬರುತ್ತಿತ್ತು.

"ಅವ್ವಾ."

"ಏನು?"

"ಅವತ್ತು ನಾನು ಮಗಳ ಮನೆಗೆ ಓಗಿರ್ಲಿಲ್ಲ."

ನಾನು ಹುಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಅರಕಲಗೂಡ್ನಾಗೆ ಟಗರು ಕಾಳಗ ಇತ್ತು. ನೋಡಾಕೆ ಓಗಿದ್ದೆ. ಬೆಳಿಗ್ಗೆ ಯಾರೂ ದಾಟೋರು ಇರ್ಲಿಲ್ಲ, ಬಂದ್ಬುಡಾನ ಅಂತ ಓದೆ. ಚೆಂದಾಗಿತ್ತು, ಕೂತ್ಬುಟ್ಟೆ. ಮಗಳಿಗೆ ಉಸಾರಿಲ್ಲ ಅಂತ ಯಾರೋ ಅಂದ್ರು. ನಾನು ಊಂ ಅಂದೆ. ಎಲ್ರೂ ಅಂಗೇ ಅಂದ್ಕಂಡವ್ರೆ. ನನ್ನ ಎಂಡ್ರೂ ಅಂಗೇ ಅಂದ್ಕಂಡವ್ಳೆ."

ಸ್ವಲ್ಪ ದೂರ ಹೋದ ಮೇಲೆ ನಾನು, "ಕಾಲಡಿ ಜಾರುತ್ತದೆ, ನೋಡಿಕೊಂಡು ನಡಿ," ಎಂದೆ. ಅಷ್ಟೇ ಹೇಳಿದ್ದು.

ಆ ಹೊತ್ತಿಗೆ ನಾನು ಹೇಳಬೇಕಾದ್ದು ಬೇರೆಯೇ ಇತ್ತು. ಮೇಲಿನ ಕಡವಿನಾಚೆಯ ಆ ಸಾವಿಗೆ ಹತ್ತು ದಿನ ಮುಂಚೆ, ಸಂತೆಗೆ ಬಂದಿದ್ದ ಆ ಅತ್ತೆ ಆಸ್ಪತ್ರೆಗೆ ಬಂದಿದ್ದರು. ಸೊಸೆಗೆ ಕಾಲು ಊದಿದೆ, ಮುಖ ಊದಿದೆ, ತಲೆನೋವು ಅನ್ನುತ್ತಾಳೆ, ಬಂದು ನೋಡಿ ಎಂದಿದ್ದರು. ಇವು ಸೆಟೆತ ಬರುವ ಮುನ್ಸೂಚನೆಯೆಂದು ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿದಿರುತ್ತದೆ. ಅಂದು ಸಾಲು ಉದ್ದವಿತ್ತು. ಉಪ್ಪು ಬಿಡಿಸಿ, ಇಲ್ಲಿಗೇ ಕರೆದುಕೊಂಡು ಬನ್ನಿ ಎಂದೆ. ದಿನ ತುಂಬಿದವಳನ್ನು ತುಂಬಿದ ಹೊಳೆ ದಾಟಿಸಿ ತರಲಾರರೆಂದು ನನಗೆ ಗೊತ್ತಿತ್ತು. ಮರುದಿನ ನಾನೇ ಹೋಗಬಹುದಿತ್ತು. ಆ ಮರುದಿನ ಅಂಬಿಗ ಕಡವಿನಲ್ಲೇ ಇದ್ದ. ಕಡವಿನಲ್ಲಿ ಕಾಯುವುದು, ಸೀರೆ ಒದ್ದೆಯಾಗುವುದು, ಅರ್ಧ ದಿನ ಹೋಗುವುದು, ಇವು ನನ್ನ ಮನಸ್ಸಿಗೆ ಬಂದವು. ಹೋಗಲಿಲ್ಲ. "ಈಗ ಬಂದ್ರಾ?" ಎಂದು ಆಕೆ ಕೇಳಿದ್ದು ನಾಲ್ಕು ಗಂಟೆ ತಡವಾದದ್ದಕ್ಕಲ್ಲ.

ಇದನ್ನು ಆ ಸಂಜೆ ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಇನ್ನು ಆತ ನನ್ನ ಹಾರನ್ನಿಗೆ ಎದ್ದು ಬರುವನೋ ಇಲ್ಲವೋ ಎಂಬ ಲೆಕ್ಕವೂ ಇತ್ತು. ಗಡ್ಡೆಯ ಎದುರಿಗೆ ಬಂದು ಹರಿಗೋಲಿಳಿಸಿದೆವು. ನಾನು ಹುಟ್ಟನ್ನು ಅವನ ಕೈಗೆ ಕೊಟ್ಟೆ.

ಮುಂದೆ ಮೂರು ಮಳೆಗಾಲ ಹಾಗೇ ನಡೆದವು. ಚರ್ಮ ಒಮ್ಮೆ ಬದಲಾಯಿಸಿದೆವು, ಆಮೇಲೆ ಚರ್ಮ ಬಿಟ್ಟು ಟಾರು ಬಳಿದ ಗೋಣಿತಾಟು ಹಾಕಿಸಿದೆವು. ಮನೆಯ ಹಿರಿಯಮ್ಮ ಆಗ ಅದನ್ನು ಅಂಗಳದಲ್ಲಿ ಇಟ್ಟುಕೊಳ್ಳಬಹುದೆಂದರು. ಎಷ್ಟು ಜನ ಉಳಿದರು ಎಂದು ಆಮೇಲೆ ಕೆಲವರು ಕೇಳಿದ್ದುಂಟು. ಹಾಗೆ ಹೇಳಲಾಗುವುದಿಲ್ಲ. ನಾವು ಹೋಗದಿದ್ದರೂ ಕೆಲವರು ಉಳಿಯುತ್ತಿದ್ದರು, ಹೋದರೂ ಕೆಲವರು ಹೋದರು.

ಅರವತ್ತರ ದಶಕದ ನಡುವೆ ನನಗೆ ಹಾಸನಕ್ಕೆ ವರ್ಗವಾಯಿತು. ಕ್ಯಾರಿಯರನ್ನು ಬಿಚ್ಚಲು ಅಂಬಿಗ ಬಂದ. ನಾಲ್ಕರಲ್ಲಿ ಒಂದು ಬೋಲ್ಟು ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು ನೆನೆಯಲೆಂದು ಇಬ್ಬರೂ ಜಗಲಿಯಲ್ಲಿ ಕುಳಿತಾಗ ನಾನು ಹೇಳಿದೆ. ಅತ್ತೆ ಬಂದದ್ದು, ಊದಿದ ಕಾಲು, ನಾನು ಹೋಗದಿದ್ದದ್ದು, ಎಲ್ಲ. ಹೇಳಲು ಐದು ನಿಮಿಷ ಕೂಡ ಬೇಕಾಗಲಿಲ್ಲ.

ಆತ ಕೇಳಿಸಿಕೊಂಡ. "ಇಷ್ಟ್ ದಿನ ಯಾಕವ್ವ ಇಟ್ಕಂಡಿದ್ರಿ?" ಎಂದ.

ಆತ ಎದ್ದು ಹೋಗಿ ಬೋಲ್ಟು ತಿರುಗಿಸಿ ನೋಡಿದ. ಸಡಿಲವಾಗಿತ್ತು.

ಹರಿಗೋಲನ್ನು ಅವನಿಗೇ ಬಿಟ್ಟೆ. ಹೊತ್ತುಕೊಂಡು ಹೋದ. ಹಾಸನದಲ್ಲಿ ನನಗೆ ನೀರು ದಾಟುವ ಕೆಲಸವಿರಲಿಲ್ಲ. ವಾರ್ಡು, ಹೆರಿಗೆ ಕೋಣೆ, ಸಂಜೆ ಮನೆ. ಕಾರನ್ನು ಮೂರು ವರ್ಷ ಇಟ್ಟುಕೊಂಡು ಮಾರಿದೆ. ಅಷ್ಟರಲ್ಲಿ ಅಂಬಿಗ ಒಮ್ಮೆ ಬಂದಿದ್ದ, ಬಸ್ಸಿನಲ್ಲಿ, ಮೊಮ್ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು. ದಿನ ತುಂಬಲು ಇನ್ನೂ ಹದಿನೈದು ದಿನವಿತ್ತು. ಇಷ್ಟು ಬೇಗ ಯಾಕೆ ಕರೆತಂದೆ ಎಂದರೆ, "ಇರ್ಲಿ ಬುಡವ್ವ, ಈಚೆ ದಡದಾಗೇ ಇರ್ಲಿ," ಎಂದ. ಅವಳಿಗೆ ಮಂಚ ಕೊಡಿಸಿದೆ. ಆತ ಜಗಲಿಯ ಮೇಲೆ ಬುತ್ತಿ ಬಿಚ್ಚಿ ರಾಗಿ ರೊಟ್ಟಿ ತಿಂದು, ಕೈ ತೊಳೆದು, ಮೂರು ಗಂಟೆಯ ಬಸ್ಸಿಗೆ ಹೊರಟ. ಹೆಣ್ಣು ಮಗು ಹುಟ್ಟಿತು, ಏನೂ ತೊಂದರೆಯಾಗಲಿಲ್ಲ.